ಹಾರಾಟದ ಪುಸ್ತಕ, ತಂತಿ, ಕಲ್ಲು: ನೌಕಾ ವೈಮಾನಿಕರೊಬ್ಬರ ನೆನಪನ್ನು ಒಟ್ಟುಮಾಡಿದ ಬಗೆ

ಸಮುದ್ರದ ಮೇಲೆ ವಿಮಾನ ಕಳೆದುಹೋದರೆ ಮನೆಗೆ ಬಂದು ಸೇರುವುದು ಬಹಳ ಕಡಿಮೆ. ಒಂದು ತಂತಿ (ಟೆಲಿಗ್ರಾಂ), ನಾಲ್ಕಾರು ಪತ್ರ, ಹಡಗಿನ ಕ್ಯಾಬಿನ್ನಿನಲ್ಲಿದ್ದ ಸಾಮಾನು ತುಂಬಿದ ಒಂದು ಕರಿ ಟ್ರಂಕು. ನಾವು ಕೈಹಾಕಿದ ಕೆಲಸ ಅಂಥ ಒಂದು ಟ್ರಂಕಿನಿಂದ ಶುರುವಾಯಿತು. ಹಳೆಯ ವಿಮಾನವಾಹಕ ಹಡಗು ವಿಕ್ರಾಂತದ ಡೆಕ್ಕಿನಿಂದ, ಜಲಾಂತರ್ಗಾಮಿ ಹುಡುಕುವ ಅಲಿಝೆ ವಿಮಾನವೊಂದು ರಾತ್ರಿ ಹಾರಾಟಕ್ಕೆ ಹೊರಟಿತ್ತು. ಒಳಗಿದ್ದವರು ಮೂವರು, ಅವರಲ್ಲೊಬ್ಬರು ಕರಾವಳಿಯ ಒಂದು ಮನೆಯ ಯುವ ಲೆಫ್ಟಿನೆಂಟ್. ವಿಮಾನ ಹಿಂತಿರುಗಲಿಲ್ಲ, ಮೂವರಲ್ಲಿ ಯಾರೂ ಸಿಗಲಿಲ್ಲ. ತಂದೆತಾಯಿ ಈಗ ಇಲ್ಲ. ಎಂಬತ್ತರ ಹತ್ತಿರದ ಅಕ್ಕ ಆ ಟ್ರಂಕನ್ನು ಇಷ್ಟು ವರ್ಷ ಮಂಚದ ಕೆಳಗೆ ಕಾಪಾಡಿಕೊಂಡು ಬಂದಿದ್ದಾರೆ. ಅವರು ಕೇಳಿದ್ದು ಎರಡೇ. ಎಲ್ಲ ಹಾಳಾಗುವ ಮುಂಚೆ ತಮ್ಮನ ಬಗ್ಗೆ ಒಂದು ಪುಸ್ತಕವಾಗಬೇಕು, ಅವನು ಓದಿದ ಶಾಲೆಯಲ್ಲಿ ಒಂದು ಕಲ್ಲು ನಿಲ್ಲಬೇಕು.

ಹದಿನಾಲ್ಕು ತಿಂಗಳು ಹಿಡಿಯಿತು. ಮನೆಯವರ ಇಚ್ಛೆಯಂತೆ ಹೆಸರು, ಊರು, ವರ್ಷ ಇಲ್ಲಿ ಬರೆದಿಲ್ಲ. ಇಂಥ ಟ್ರಂಕು ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿ ಇದ್ದೀತು, ಅದಕ್ಕಾಗಿ ಕೆಲಸದ ವಿವರ ಬರೆಯುತ್ತಿದ್ದೇವೆ.

ಟ್ರಂಕು ತೆರೆದವರು ಸಾಮಾನ್ಯವಾಗಿ ಎಲ್ಲವನ್ನೂ ತೆಗೆದು ಚಾಪೆಯ ಮೇಲೆ ಹರಡುತ್ತಾರೆ. ಅದೇ ಮೊದಲ ತಪ್ಪು. ಯಾವುದರ ಕೆಳಗೆ ಯಾವುದಿತ್ತು ಎಂಬುದೂ ಒಂದು ದಾಖಲೆಯೇ. ತಳದಲ್ಲಿರುವುದು ಹಡಗಿನಲ್ಲಿ ಜೊತೆಗಾರರು ತುಂಬಿದ್ದು, ಮೇಲಿರುವುದು ಮನೆಯವರು ಆಮೇಲೆ ಸೇರಿಸಿದ್ದು. ನಾವು ಪ್ರತಿ ಪದರಕ್ಕೂ ನೇರ ಮೇಲಿನಿಂದ ಒಂದು ಫೋಟೊ ತೆಗೆದು, ಆಮೇಲೆ ಒಂದೊಂದಕ್ಕೂ ಸಂಖ್ಯೆ ಕೊಟ್ಟೆವು. ಸಂಖ್ಯೆಯನ್ನು ವಸ್ತುವಿನ ಮೇಲೆ ಬರೆಯಬಾರದು, ಸ್ಟಿಕ್ಕರ್ ಅಂಟಿಸಬಾರದು. ಬಿಳಿ ಹತ್ತಿದಾರಕ್ಕೆ ಕಟ್ಟಿದ ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದರೆ ಸಾಕು.

ತಳದಲ್ಲಿ ಹಡಗಿನಿಂದ ಬಂದ ಸಾಮಾನಿನ ಪಟ್ಟಿ ಇತ್ತು, ಟೈಪ್ ಮಾಡಿದ ಎರಡು ಹಾಳೆ, ಕೊನೆಯಲ್ಲಿ ಸಹಿ. ಅದನ್ನು ಹಿಡಿದು ಒಂದೊಂದೇ ಸಾಲು ತಾಳೆ ನೋಡಿದೆವು. ಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದ್ದು ಹೆಚ್ಚು ಹೇಳುತ್ತದೆ. ಕೆಲಸಕ್ಕೆ ಸೇರಿದಾಗ ಅಪ್ಪ ಕೊಡಿಸಿದ ಕೈಗಡಿಯಾರ ಪಟ್ಟಿಯಲ್ಲಿ ಇರಲಿಲ್ಲ. ಯಾರೋ ಎತ್ತಿಕೊಂಡರು ಎಂಬ ಕಹಿ ಆ ಮನೆಯಲ್ಲಿ ದಶಕಗಳಿಂದ ಉಳಿದಿತ್ತು. ಆದರೆ ವಿಮಾನದಲ್ಲಿ ದಾರಿ ಲೆಕ್ಕ ಹಾಕುವವರಿಗೆ ಗಡಿಯಾರ ಕೆಲಸದ ಸಾಧನ. ದಿಕ್ಕು, ವೇಗ, ಕಳೆದ ನಿಮಿಷಗಳು, ಈ ಮೂರರಿಂದಲೇ ಕತ್ತಲೆಯ ಸಮುದ್ರದ ಮೇಲೆ ತಾನೆಲ್ಲಿದ್ದೇನೆ ಎಂದು ಗುರುತಿಸಬೇಕು. ಅದನ್ನು ಕ್ಯಾಬಿನ್ನಿನಲ್ಲಿ ಬಿಟ್ಟು ಯಾರೂ ಹಾರಾಟಕ್ಕೆ ಹೋಗುವುದಿಲ್ಲ. ಗಡಿಯಾರ ಅವರ ಕೈಯಲ್ಲೇ ಇತ್ತು. ಇದನ್ನು ಹೇಳಿದಾಗ ಅಕ್ಕ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪಯ್ಯನಿಗೆ ಇದು ಗೊತ್ತಾಗಬೇಕಿತ್ತು" ಅಂದರು.

ತಂತಿಯನ್ನು ಮುಟ್ಟುವ ಮುಂಚೆ ಎರಡು ಸಲ ಯೋಚಿಸಿ. ಆ ಕಾಲದ ತಂತಿಯಲ್ಲಿ ಅಕ್ಷರಗಳಿರುವುದು ಸಣ್ಣ ಕಾಗದದ ಪಟ್ಟಿಗಳ ಮೇಲೆ, ಪಟ್ಟಿಗಳನ್ನು ಫಾರಂ ಮೇಲೆ ಗೋಂದಿನಿಂದ ಅಂಟಿಸಿರುತ್ತಾರೆ. ಗೋಂದು ಒಣಗಿ ಪುಡಿಯಾಗಿರುತ್ತದೆ. ಮಡಿಕೆ ಬಿಡಿಸಿದರೆ ಪಟ್ಟಿಗಳು ಉದುರುತ್ತವೆ, ಯಾವ ಪದದ ಮುಂದೆ ಯಾವ ಪದವಿತ್ತು ಎಂಬುದು ಹೋಗುತ್ತದೆ. ಮಡಿಚಿದ ಸ್ಥಿತಿಯಲ್ಲೇ ಒಂದು ಫೋಟೊ, ಅರ್ಧ ತೆರೆದಾಗ ಒಂದು, ಪೂರ್ತಿ ತೆರೆದ ಮೇಲೆ ಒಂದು ತೆಗೆಯಬೇಕು. ಬಿದ್ದ ಪಟ್ಟಿಯನ್ನು ಫೆವಿಕಾಲ್ ಹಾಕಿ ಅಂಟಿಸುವ ಉಪಕಾರ ಯಾರೂ ಮಾಡಬಾರದು. ಸೆಲೋಟೇಪಂತೂ ಬೇಡವೇ ಬೇಡ, ಹತ್ತು ವರ್ಷದಲ್ಲಿ ಅದರ ಅಂಟು ಕಂದುಗಟ್ಟಿ ಕಾಗದದೊಳಗೆ ಇಳಿಯುತ್ತದೆ. ಎರಡು ಪಾರದರ್ಶಕ ಪಾಲಿಯೆಸ್ಟರ್ ಹಾಳೆಗಳ ನಡುವೆ ಸಡಿಲವಾಗಿ ಇಟ್ಟು ಅಂಚನ್ನು ಮಾತ್ರ ಮುಚ್ಚಿದರೆ ಸಾಕು. ಲ್ಯಾಮಿನೇಷನ್ ಮಾಡಿಸಿದರೆ ಬಿಸಿಗೆ ಕಾಗದ, ಶಾಯಿ, ಗೋಂದು ಮೂರೂ ಒಂದಾಗಿ, ಮತ್ತೆಂದೂ ಬೇರ್ಪಡಿಸಲಾಗದ ಪ್ಲಾಸ್ಟಿಕ್ ತುಂಡಾಗುತ್ತದೆ. ಪ್ರೀತಿಯಿಂದ ಮಾಡಿಸಿ ಹಾಳಾದ ಕಾಗದಗಳನ್ನು ನೋಡಿ ನೋಡಿ ಇದನ್ನು ಒತ್ತಿ ಹೇಳುತ್ತಿದ್ದೇವೆ.

ಬಿಳಿ ಸಮವಸ್ತ್ರಕ್ಕೆ ಬೂಷ್ಟು ಹಿಡಿದಿತ್ತು. ಒಗೆಯುವುದು, ಡ್ರೈಕ್ಲೀನ್ ಎರಡೂ ಬೇಡ. ನೆರಳಲ್ಲಿ ಗಾಳಿಗೆ ಬಿಟ್ಟು, ಒಣಗಿದ ಮೇಲೆ ಮೃದು ಬ್ರಷ್ಷಿನಿಂದ ಮನೆಯ ಹೊರಗೆ ಕೊಡವಬೇಕು, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು. ಭುಜದ ಪಟ್ಟಿಯ ಬಂಗಾರದ ಬಣ್ಣದ ಕಸೂತಿ ಲೋಹದ ಎಳೆ, ಅದು ಕಪ್ಪಾದರೆ ಕಪ್ಪಾಗೇ ಇರಲಿ. ಪದಕಗಳ ವಿಷಯದಲ್ಲೂ ಹಾಗೇ. ಪದಕದ ಅಂಚಿನ ಸುತ್ತ ಸಣ್ಣ ಅಕ್ಷರದಲ್ಲಿ ಹೆಸರು, ಹುದ್ದೆ, ಸಂಖ್ಯೆ ಕೊರೆದಿರುತ್ತಾರೆ, ಪಾಲಿಷ್ ಹಾಕಿ ಉಜ್ಜಿದಷ್ಟೂ ಅದು ಸವೆಯುತ್ತದೆ. ಅಂಚನ್ನು ಪಕ್ಕದಿಂದ ಬೆಳಕು ಬಿಟ್ಟು ಫೋಟೊ ತೆಗೆದರೆ ಬರಿಗಣ್ಣಿಗೆ ಕಾಣದ್ದೂ ಓದಲು ಬರುತ್ತದೆ. ನುಸಿಗುಳಿಗೆಗಳನ್ನೆಲ್ಲ ಆರಿಸಿ ತೆಗೆದೆವು. ಅದರ ಆವಿ ಹಳೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಫೋಟೊ ನೆಗೆಟಿವ್‌ಗಳಿಗೂ ಒಳ್ಳೆಯದಲ್ಲ.

ಇನ್ನು ಹಾರಾಟದ ಪುಸ್ತಕ, ಫ್ಲೈಯಿಂಗ್ ಲಾಗ್ ಬುಕ್. ಇಡೀ ಟ್ರಂಕಿನಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇಲ್ಲ ಎಂದು ನಮ್ಮ ಅಭಿಪ್ರಾಯ. ಪತ್ರದಲ್ಲಿ ಮಗ ಅಮ್ಮನಿಗೆ ಸಮಾಧಾನವಾಗುವಂತೆ ಬರೆಯುತ್ತಾನೆ. ಲಾಗ್ ಬುಕ್ಕಿನಲ್ಲಿ ಯಾರ ಸಮಾಧಾನಕ್ಕೂ ಬರೆಯುವುದಿಲ್ಲ. ದಿನಾಂಕ, ವಿಮಾನದ ಮಾದರಿ ಮತ್ತು ಸಂಖ್ಯೆ, ಜೊತೆಗಿದ್ದವರು, ಹಾರಾಟದ ಉದ್ದೇಶ, ಹಗಲಿನ ಗಂಟೆ, ರಾತ್ರಿಯ ಗಂಟೆ. ತಿಂಗಳ ಕೊನೆಗೆ ಒಟ್ಟು ಲೆಕ್ಕ, ಮೇಲಧಿಕಾರಿಯ ಸಹಿ.

ಮನೆಯಲ್ಲೂ ಊರಲ್ಲೂ ಎಲ್ಲರೂ ಅವರನ್ನು 'ಪೈಲಟ್' ಎಂದೇ ಕರೆಯುತ್ತಿದ್ದರು. ಲಾಗ್ ಬುಕ್ಕಿನ ಮೊದಲ ಪುಟವೇ ಅದನ್ನು ತಿದ್ದಿತು. ಅವರು ಅಬ್ಸರ್ವರ್. ಅಲಿಝೆಯಲ್ಲಿ ಪೈಲಟ್ ವಿಮಾನ ನಡೆಸಿದರೆ, ಅಬ್ಸರ್ವರ್ ದಾರಿ ಹಿಡಿಯುವುದು, ರಡಾರ್ ಓದುವುದು, ಜಲಾಂತರ್ಗಾಮಿಯನ್ನು ಹುಡುಕುವ ಲೆಕ್ಕಾಚಾರ ಎಲ್ಲವನ್ನೂ ನೋಡಿಕೊಳ್ಳಬೇಕು. ಮೂರನೆಯವರು ಏರ್‌ಕ್ರೂಮನ್, ನಾವಿಕ ಶ್ರೇಣಿಯವರು. ಅಬ್ಸರ್ವರ್ ಎಂದರೆ ಪೈಲಟ್ಟಿಗಿಂತ ಕಡಿಮೆ ಎಂದು ಕೆಲವು ನೆಂಟರಿಗೆ ಅನಿಸಿತು, ಪುಸ್ತಕದಲ್ಲಿ ಪೈಲಟ್ ಎಂದೇ ಇರಲಿ ಎಂದರು. ನಾವು ಒಪ್ಪಲಿಲ್ಲ, ಅಕ್ಕನೂ ಒಪ್ಪಲಿಲ್ಲ. ಎರಡೂ ನೌಕಾ ವೈಮಾನಿಕರ ಕೆಲಸವೇ. 2015ರ ಮಾರ್ಚ್ 24ರ ರಾತ್ರಿ ಗೋವಾದ ಕಡಲಿನಲ್ಲಿ ನೌಕಾಪಡೆಯ ಡಾರ್ನಿಯರ್ ವಿಮಾನ ಬಿದ್ದಾಗ ಪ್ರಾಣ ಕೊಟ್ಟ ಲೆಫ್ಟಿನೆಂಟ್ ಕಿರಣ್ ಶೇಖಾವತ್ ಕೂಡ ಅಬ್ಸರ್ವರ್. ಮನುಷ್ಯ ಕಷ್ಟಪಟ್ಟು ಕಲಿತ ವಿದ್ಯೆಯನ್ನು ಅವನ ಹೆಸರಿನಿಂದ ಕಿತ್ತು, ಬೇರೊಂದನ್ನು ತೊಡಿಸುವುದು ಗೌರವ ಅಲ್ಲ.

ಲಾಗ್ ಬುಕ್ ಓದುವಾಗ ಎಡವುವ ಜಾಗಗಳು ಹಲವು. ಮೊದಲನೆಯದು ಗಂಟೆಯ ಬರಹ. 2.35 ಎಂದಿದ್ದರೆ ಅದು ಎರಡು ಗಂಟೆ ಮೂವತ್ತೈದು ನಿಮಿಷ, ದಶಮಾಂಶ ಅಲ್ಲ. 2.35ಕ್ಕೆ 1.50 ಕೂಡಿದರೆ ಕ್ಯಾಲ್ಕುಲೇಟರ್ 3.85 ಎನ್ನುತ್ತದೆ, ನಿಜವಾದ ಉತ್ತರ 4 ಗಂಟೆ 25 ನಿಮಿಷ. ಎಕ್ಸೆಲ್‌ಗೆ ಹಾಕುವವರು ಆ ಕಾಲಮ್ಮನ್ನು ಮೊದಲೇ ಗಂಟೆ-ನಿಮಿಷದ ನಮೂನೆಗೆ ಬದಲಿಸಿಕೊಳ್ಳಬೇಕು, ಮೊತ್ತ 24 ಗಂಟೆ ದಾಟಿದಾಗ ಮತ್ತೆ ಸೊನ್ನೆಯಿಂದ ಶುರುವಾಗದ ನಮೂನೆಯನ್ನೇ ಆರಿಸಬೇಕು. ನಮ್ಮ ಮೊದಲ ಲೆಕ್ಕ ಪುಟದ ಕೆಳಗಿನ ಮೊತ್ತಕ್ಕೆ ಎಲ್ಲೂ ತಾಳೆಯಾಗದೆ, ಅವರೇ ತಪ್ಪು ಬರೆದಿದ್ದಾರೆ ಎಂದುಕೊಂಡಿದ್ದೆವು. ತಪ್ಪು ನಮ್ಮದು. ಸರಿಮಾಡಿಕೊಂಡ ಮೇಲೆ ಪ್ರತಿ ಪುಟವೂ ನಿಮಿಷಕ್ಕೆ ನಿಮಿಷ ಹೊಂದಿತು.

ಎರಡನೆಯದು ಶಾಯಿ. ರಾತ್ರಿ ಹಾರಾಟವನ್ನು ಕೆಂಪು ಶಾಯಿಯಲ್ಲಿ ಬರೆಯುವ ರೂಢಿ ಇತ್ತು. ಬರೆದದ್ದು ಫೌಂಟನ್ ಪೆನ್ನಿನಿಂದಾದರೆ ಆ ಕೆಂಪು ನೀರಿಗೆ ಕದಡುತ್ತದೆ, ಬೆಳಕಿಗೆ ಬೇಗ ಮಾಸುತ್ತದೆ. ಒದ್ದೆ ಬಟ್ಟೆ ಹತ್ತಿರ ಸುಳಿಯಬಾರದು. ಮಾಸಿದ ಸಾಲುಗಳನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ರಾತ್ರಿಗಳೆಲ್ಲ ಅಳಿಸಿಹೋಗುತ್ತವೆ, ಬಣ್ಣದಲ್ಲೇ ಮಾಡಬೇಕು. ನಾವು 400 ಡಿಪಿಐಯಲ್ಲಿ (ಇಂಚಿಗೆ 400 ಚುಕ್ಕೆ), ಗುಣ ಕುಂದದ ಟಿಫ್ ಕಡತಗಳಾಗಿ ಉಳಿಸಿದೆವು. ಹಳೆಯ ಹೊಲಿಗೆಯ ಪುಸ್ತಕವನ್ನು ಗಾಜಿನ ಮೇಲೆ ಮಗುಚಿ ಒತ್ತಿದರೆ ಬೆನ್ನು ಸೀಳುತ್ತದೆ. ಹಾಗಾಗಿ ತೊಂಬತ್ತು ಡಿಗ್ರಿಯಷ್ಟೇ ತೆರೆದು, ಎರಡೂ ಬದಿಗೆ ಮಡಿಚಿದ ಟವೆಲ್ ಆನಿಸಿ, ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆದದ್ದೇ ಹೆಚ್ಚು.

ಮೂರನೆಯದು ಉದ್ದೇಶದ ಕಾಲಮ್ಮಿನ ಸಂಕ್ಷೇಪಗಳು. ನ್ಯಾವೆಕ್ಸ್ ಎಂದರೆ ದಾರಿ ಹಿಡಿಯುವ ಅಭ್ಯಾಸ. ಎಡಿಡಿಎಲ್ ಎಂದರೆ ನೆಲದ ರನ್‌ವೇಯ ಮೇಲೆ ಹಡಗಿನ ಡೆಕ್ಕಿನಷ್ಟೇ ಜಾಗವನ್ನು ಗುರುತು ಮಾಡಿ, ಅಲ್ಲಿಗೇ ಇಳಿದು ಮತ್ತೆ ಏಳುವ ಅಭ್ಯಾಸ. ಕ್ಯಾಸೆಕ್ಸ್ ಎಂದರೆ ಜಲಾಂತರ್ಗಾಮಿಯೊಂದಿಗಿನ ಜಂಟಿ ಅಭ್ಯಾಸ. ಇವನ್ನು ಬಿಡಿಸದೆ ಅಚ್ಚು ಹಾಕಿದರೆ ಮನೆಯವರಿಗೆ ಪುಸ್ತಕ ಬರೀ ಅಂಕಿ. ಬಿಡಿಸಿದರೆ ಮೂರು ವರ್ಷ ಕಣ್ಣಮುಂದೆ ಬರುತ್ತದೆ. ಕೊಚ್ಚಿಯ ನೌಕಾ ವಾಯುನೆಲೆ ಐಎನ್‌ಎಸ್ ಗರುಡದ ಅಬ್ಸರ್ವರ್ ಶಾಲೆಯಲ್ಲಿ ತಪ್ಪು ಮಾಡುತ್ತ ಕಲಿತದ್ದು, ಗೋವಾದ ವಾಯುನೆಲೆ ಐಎನ್‌ಎಸ್ ಹಂಸದಲ್ಲಿ ಅಲಿಝೆ ವಿಮಾನಗಳ 310ನೇ ಸ್ಕ್ವಾಡ್ರನ್ ಸೇರಿದ್ದು, ಮೊದಲ ಸಲ ಡೆಕ್ಕಿನ ಮೇಲೆ ಇಳಿದ ದಿನ. ಆ ಸಾಲಿನ ಕೆಳಗೆ ಅವರು ಸ್ಕೇಲ್ ಇಟ್ಟು ಎರಡು ಗೆರೆ ಎಳೆದಿದ್ದಾರೆ. ಇಡೀ ಪುಸ್ತಕದಲ್ಲಿ ಅವರು ತಮ್ಮ ಸಂತೋಷಕ್ಕೆಂದು ಎಳೆದ ಗೆರೆ ಅದೊಂದೇ.

ಕೊನೆಯ ನಮೂದು ಬೇರೆಯವರ ಕೈಬರಹ. ಹೊರಟ ಸಮಯ ಇದೆ, ಗಂಟೆಯ ಕಾಲಮ್ಮು ಖಾಲಿ. ನಾವು ಪುಸ್ತಕವನ್ನು ಈ ಪುಟದಿಂದ ಶುರು ಮಾಡಲಿಲ್ಲ. ಆ ಮನೆಯಲ್ಲಿ ಅವರು ಇಷ್ಟು ವರ್ಷ ಆ ಒಂದು ರಾತ್ರಿಯೇ ಆಗಿಬಿಟ್ಟಿದ್ದರು. ಅದರ ಹಿಂದಿನ ನೂರಾರು ಗಂಟೆ ಯಾರಿಗೂ ಗೊತ್ತಿರಲಿಲ್ಲ. ಪುಸ್ತಕದ ಮೊದಲ ಮೂರನೇ ಎರಡು ಭಾಗ ಬರೀ ಹಾರಾಟ, ಆಮೇಲೆ ಉಳಿದದ್ದು.

ದಿನಾಂಕದ ಗೊಂದಲ ಇಲ್ಲೇ ಎದುರಾಯಿತು. ತಂತಿಯ ದಿನಾಂಕ ಒಂದು, ಲಾಗ್ ಬುಕ್ಕಿನದು ಇನ್ನೊಂದು, ಆಮೇಲೆ ಬಂದ ಪ್ರಮಾಣಪತ್ರದಲ್ಲಿ ಮತ್ತೊಂದು. ಯಾರೋ ಸುಳ್ಳು ಬರೆದಿದ್ದಾರೆ ಎಂದು ಮನೆಯವರಿಗೆ ಅನುಮಾನ. ಕಾರಣ ಸರಳ. ಹಡಗು, ವಿಮಾನಗಳ ಕಡತಗಳಲ್ಲಿ ಕೆಲವೊಮ್ಮೆ ಗ್ರೀನಿಚ್ ಸಮಯ ಬರೆಯುತ್ತಾರೆ, ಅವರ ಮಾತಿನಲ್ಲಿ ಜುಲು ಸಮಯ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ಲೆಕ್ಕದಲ್ಲಿ 12ನೇ ತಾರೀಕು ನಸುಕಿನ 01:30 ಆಗಿದ್ದರೆ ಜುಲು ಲೆಕ್ಕದಲ್ಲಿ ಅದು 11ನೇ ತಾರೀಕು ರಾತ್ರಿ 20:00. ತಂತಿಯ ಮೇಲಿರುವುದು ಅದನ್ನು ಕಳಿಸಿದ ದಿನ, ಹುಡುಕಾಟ ನಡೆದ ಮೇಲೆ. ಮೂರೂ ಸರಿ. ಪುಸ್ತಕದಲ್ಲಿ ಮೂರನ್ನೂ ಬರೆದು, ಯಾವುದು ಯಾವ ಸಮಯ ಎಂದು ಪಕ್ಕದಲ್ಲೇ ಹೇಳಿದ್ದೇವೆ.

ಆದರೆ ತಿಥಿ? ತಂತಿ ಬಂದ ದಿನ ಹಿಡಿದು ಪುರೋಹಿತರು ಗೊತ್ತುಮಾಡಿದ ತಿಥಿಯಲ್ಲೇ ಮನೆಯವರು ಶ್ರಾದ್ಧ ಮಾಡುತ್ತ ಬಂದಿದ್ದಾರೆ. ದೇಹ ಸಿಗದವರಿಗೆ ಮಾಡುವ ವಿಧಿಯಂತೆ ಮುತ್ತುಗದ 360 ತೊಟ್ಟುಗಳಿಂದ ಆಕಾರ ಮಾಡಿ ಸಂಸ್ಕಾರ ಮಾಡಿದ್ದರು. ಅಪ್ಪ ಬಹಳ ತಿಂಗಳು ಅದಕ್ಕೆ ಒಪ್ಪಿರಲಿಲ್ಲವಂತೆ. ಮಗ ಎಲ್ಲೋ ದಡ ಸೇರಿದ್ದಾನೆ ಎಂಬ ಆಸೆ. ಈಗ ಲಾಗ್ ಬುಕ್ಕಿನ ದಿನಾಂಕ ಸಿಕ್ಕಿತೆಂದು ತಿಥಿ ಬದಲಿಸಬೇಕೇ ಎಂದು ಕೇಳಿದರು. ಬೇಡ ಎಂದೆವು. ಗಡಿಯಾರದ ಲೆಕ್ಕ ಕಾಗದಕ್ಕೆ ಬೇಕು, ಅಮ್ಮ ಅತ್ತ ದಿನವೇ ಆ ಮನೆಯ ತಿಥಿ.

ಪತ್ರಗಳು 61 ಇದ್ದವು, ಬಹುಪಾಲು ನೀಲಿ ಇನ್‌ಲ್ಯಾಂಡ್. ಹಡಗಿನಲ್ಲಿರುವವರ ವಿಳಾಸ ಹಡಗಿನ ಹೆಸರು, ಕೆಳಗೆ ಫ್ಲೀಟ್ ಮೇಲ್ ಆಫೀಸ್, ಬಾಂಬೆ. ಹಾಗಾಗಿ ಪತ್ರ ಬರೆದಾಗ ಹಡಗು ಎಲ್ಲಿತ್ತು ಎಂಬುದನ್ನು ಅಂಚೆಮುದ್ರೆ ಹೇಳುವುದಿಲ್ಲ. ಲಾಗ್ ಬುಕ್ಕನ್ನು ಪಕ್ಕದಲ್ಲಿಟ್ಟು ದಿನಾಂಕ ಹೊಂದಿಸಿದರೆ ಮಾತ್ರ ತಿಳಿಯುತ್ತದೆ. ಮೂರು ರಾತ್ರಿ ಬಿಟ್ಟೂಬಿಡದೆ ಹಾರಿದ ವಾರದಲ್ಲಿ ಅವರು ಮನೆಗೆ ಬರೆದದ್ದು ಹಲಸಿನ ಹಪ್ಪಳ ಕಳಿಸಿ ಎಂದು. ಎರಡನ್ನೂ ಎದುರುಬದುರು ಪುಟಗಳಲ್ಲಿ ಅಚ್ಚು ಹಾಕಿದ್ದೇವೆ, ನಮ್ಮ ವಿವರಣೆ ಒಂದು ಸಾಲೂ ಸೇರಿಸಿಲ್ಲ. ಇನ್‌ಲ್ಯಾಂಡ್ ಪತ್ರದ ಮಡಿಕೆಗಳಲ್ಲಿ ಅಕ್ಷರ ಮೊದಲು ಹೋಗುತ್ತದೆ, ಬಿಡಿಸಿ ಚಪ್ಪಟೆಯಾಗಿಡಬೇಕು. ಇಸ್ತ್ರಿ ಹಾಕಬಾರದು, ಭಾರದ ಪುಸ್ತಕದ ಕೆಳಗೆ ವಾರ ಬಿಟ್ಟರೆ ತಾನೇ ಸರಿಹೋಗುತ್ತದೆ. ಆರು ಪತ್ರಗಳು ಮನೆಯವರಲ್ಲದ ಒಬ್ಬರಿಗೆ ಬರೆದು ಅಂಚೆಗೆ ಹಾಕದೆ ಉಳಿದವು. ಅವನ್ನು ಸ್ಕ್ಯಾನ್ ಮಾಡಲಿಲ್ಲ, ಪೂರ್ತಿ ಓದಲೂ ಇಲ್ಲ. ಲಕೋಟೆಯಲ್ಲಿಟ್ಟು ಮುಚ್ಚಿ ಅಕ್ಕನ ಕೈಗೆ ಕೊಟ್ಟೆವು.

ಫೋಟೊಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಕ್ಕ ಪ್ರಿಂಟುಗಳಿಗೆ 600 ಡಿಪಿಐ ಬೇಕು, 35 ಎಂಎಂ ನೆಗೆಟಿವ್‌ಗಳಿಗೆ 2400ಕ್ಕಿಂತ ಕಡಿಮೆ ಬೇಡ. ಅಂಟುಪುಟದ ಆಲ್ಬಮ್ಮಿನಿಂದ ಕೀಳಲು ಹೋಗಬೇಡಿ, ಪುಟ ಸಮೇತ ತೆಗೆಯಿರಿ. ಹಿಂಬದಿಯಲ್ಲಿ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಪ್ರತಿಗಳು ಮೂರು ಇರಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ.

ಕಚೇರಿಯ ದಾಖಲೆಗೆ ಬೇಕಾದ ಮೊದಲ ಕೀಲಿಕೈ ಪರ್ಸನಲ್ ನಂಬರ್, ಸೇವೆಯಲ್ಲಿ ಒಬ್ಬೊಬ್ಬರಿಗೂ ಕೊಡುವ ಸಂಖ್ಯೆ. ಅಧಿಕಾರಿಗಳಿಗೆ ಅಂಕಿಗಳ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತದೆ, ಆ ಅಕ್ಷರ ಬಿಟ್ಟರೆ ಅಥವಾ ತಪ್ಪಿದರೆ ಕಡತ ಸಿಗುವುದು ಕಷ್ಟ. ಪದಕದ ಅಂಚಿನಲ್ಲಿ, ಹಳೆಯ ವೇತನ ಚೀಟಿಯಲ್ಲಿ ಹುಡುಕಿ. ಅಧಿಕಾರಿಗಳ ದಾಖಲೆ ದೆಹಲಿಯ ನೌಕಾ ಪ್ರಧಾನ ಕಚೇರಿಯ ಕಡೆ, ನಾವಿಕರದು ಮುಂಬೈಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೊ ಆಫ್ ಸೈಲರ್ಸ್ ಕಡೆ. ಕಮಿಷನ್ (ಅಧಿಕಾರಿಯಾಗಿ ನೇಮಕ), ಬಡ್ತಿಗಳು ಭಾರತದ ಗೆಜೆಟ್ಟಿನ ಭಾಗ 1, ವಿಭಾಗ 4ರಲ್ಲಿ ಪ್ರಕಟವಾಗಿರುತ್ತವೆ. ಹಳೆಯ ಸಂಚಿಕೆಗಳಲ್ಲಿ ಹುಡುಕುವಾಗ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಮೂರು ನಾಲ್ಕು ರೀತಿ ಹಾಕಿ ನೋಡಬೇಕು. ಅವರ ಮನೆತನದ ಹೆಸರು ಒಂದು ಕಡೆ ಎರಡು 'ಟಿ', ಇನ್ನೊಂದು ಕಡೆ ಒಂದೇ.

ಏನಾಯಿತು ಎಂಬುದರ ತನಿಖಾ ವರದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಕೇಂದ್ರದ ಕಚೇರಿಗಳಿಗೆ ಶುಲ್ಕ 10 ರೂಪಾಯಿ, ಪ್ರತಿ ಪುಟದ ನಕಲಿಗೆ 2 ರೂಪಾಯಿ, ಅರ್ಜಿ ಸಾಮಾನ್ಯವಾಗಿ 500 ಪದ ಮೀರಬಾರದು, ಉತ್ತರಕ್ಕೆ 30 ದಿನ. ಮೊದಲ ಅರ್ಜಿಯಲ್ಲಿ ನಾವು ಮಾಡಿದ ತಪ್ಪು, 'ಅಪಘಾತಕ್ಕೆ ಕಾರಣವೇನು' ಎಂದು ಕೇಳಿದ್ದು. ಮಾಹಿತಿ ಹಕ್ಕು ಇರುವ ಕಾಗದವನ್ನು ಕೇಳಲಿಕ್ಕೆ, ಅಭಿಪ್ರಾಯ ಕೇಳಲಿಕ್ಕಲ್ಲ. ಅರ್ಜಿ ತಿರಸ್ಕೃತವಾಯಿತು. ಎರಡನೆಯದರಲ್ಲಿ ದಿನಾಂಕ, ವಿಮಾನದ ಸಂಖ್ಯೆ, ಸ್ಕ್ವಾಡ್ರನ್ ಬರೆದು, ಇಂಥ ತನಿಖಾ ಮಂಡಳಿಯ ನಡಾವಳಿಯ ಪ್ರತಿ ಎಂದೇ ಕೇಳಿ, ಕಾಯ್ದೆಯ 8(3)ನ್ನು ಉಲ್ಲೇಖಿಸಿದೆವು. ಇಪ್ಪತ್ತು ವರ್ಷಕ್ಕಿಂತ ಹಳೆಯ ಘಟನೆಯ ಮಾಹಿತಿಗೆ ಹೆಚ್ಚಿನ ವಿನಾಯಿತಿಗಳು ಅನ್ವಯಿಸುವುದಿಲ್ಲ ಎನ್ನುವ ಕಲಮು ಅದು. ದೇಶದ ಭದ್ರತೆ, ಶಾಸನಸಭೆಯ ಹಕ್ಕು, ಸಂಪುಟದ ಕಾಗದಗಳು, ಇವು ಮೂರಕ್ಕೆ ಮಾತ್ರ ತಡೆ ಉಳಿಯುತ್ತದೆ. ಮೇಲ್ಮನವಿಯ ನಂತರ ಕೆಲವು ಪುಟ ಬಂತು, ಕೆಲವು ಸಾಲುಗಳ ಮೇಲೆ ಮಸಿ ಹಚ್ಚಿತ್ತು. ಕಾರಣ ನಿಶ್ಚಿತವಾಗಿ ತಿಳಿಯಲಿಲ್ಲ ಎಂಬುದೇ ಅದರ ತೀರ್ಮಾನ. ಇದನ್ನು ಮನೆಯವರಿಗೆ ಫೋನಿನಲ್ಲಿ ಹೇಳಬಾರದು. ಹೋಗಿ, ಕೂತು, ಪುಟಗಳನ್ನು ಅವರ ಮುಂದಿಟ್ಟು, ಓದಬೇಕೋ ಬೇಡವೋ ಎಂದು ಅವರನ್ನೇ ಕೇಳಬೇಕು. ಅಕ್ಕ ಓದಿ ಎಂದರು. ಅಣ್ಣನ ಮಗ ಎದ್ದು ಹೊರಗೆ ಹೋದ. ಇಬ್ಬರದೂ ಸರಿಯೇ.

ಮನೆಯವರ ಮಾತು ದಾಖಲಿಸುವಾಗ ಒಬ್ಬೊಬ್ಬರನ್ನೇ, ಒಂದು ಸಲಕ್ಕೆ 40 ನಿಮಿಷ ಮೀರದಂತೆ ಕೂರಿಸಿಕೊಂಡೆವು. ಫ್ಯಾನ್ ಆರಿಸಿ, ಫೋನನ್ನು ಮಡಿಚಿದ ಬಟ್ಟೆಯ ಮೇಲಿಟ್ಟರೆ ಧ್ವನಿ ಸ್ಪಷ್ಟವಾಗಿ ಬರುತ್ತದೆ. ಆ ರಾತ್ರಿಯ ಬಗ್ಗೆ ನಾವಾಗಿ ಕೇಳಲಿಲ್ಲ. ಕೈಗೆ ಒಂದು ವಸ್ತು ಕೊಟ್ಟು, ಇದೇನು ಅಕ್ಕಾ ಎಂದರೆ ಸಾಕು, ಮಾತು ತಾನೇ ಬರುತ್ತದೆ. ಶೇವಿಂಗ್ ಬ್ರಷ್ಷಿನಿಂದ ಇಪ್ಪತ್ತು ನಿಮಿಷ ಮಾತು ಬಂತು, ಪದಕದಿಂದ ಎರಡು ನಿಮಿಷ. ರಜೆಗೆ ಕೊನೆಯ ಸಲ ಬಂದದ್ದು ದೀಪಾವಳಿಗೆ ಎಂದು ಒಬ್ಬರು, ಅಲ್ಲ ಚೌತಿಗೆ ಎಂದು ಇನ್ನೊಬ್ಬರು. ಲಾಗ್ ಬುಕ್ಕಿನ ಹಾರಾಟವಿಲ್ಲದ ವಾರಗಳನ್ನು ನೋಡಿದರೆ ಚೌತಿ ಇರಬಹುದು. ಆದರೂ ಎರಡನ್ನೂ ಬರೆದೆವು. ದೀಪಾವಳಿಯ ಎಣ್ಣೆನೀರಿನ ನೆನಪು ಬೇರೆ ಯಾವುದೋ ವರ್ಷದ್ದಿರಬಹುದು, ನೆನಪಂತೂ ನಿಜವೇ.

ವಿಮಾನದಲ್ಲಿ ಮೂವರಿದ್ದರು ಎಂಬುದನ್ನು ಎಲ್ಲರೂ ಬೇಗ ಮರೆಯುತ್ತಾರೆ. 1971ರ ಡಿಸೆಂಬರ್ 10ರಂದು ಪಾಕಿಸ್ತಾನದ ಎಫ್-104 ಯುದ್ಧವಿಮಾನ ಹೊಡೆದುರುಳಿಸಿದ ಅಲಿಝೆಯಲ್ಲೂ ಮೂವರು: ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್, ಲೆಫ್ಟಿನೆಂಟ್ ಸಿರೋಹಿ, ಏರ್‌ಕ್ರೂಮನ್ ವಿಜಯನ್. ಇಂಥ ಕಡೆ ಅಧಿಕಾರಿಗಳ ಹೆಸರು ಉಳಿದು ನಾವಿಕರದು ಬಿಟ್ಟುಹೋಗುವುದನ್ನು ಎಷ್ಟೋ ಕಡೆ ಕಂಡಿದ್ದೇವೆ. ನಮ್ಮ ಲೆಫ್ಟಿನೆಂಟರ ಜೊತೆಗಿದ್ದ ಏರ್‌ಕ್ರೂಮನ್ನರ ಹೆಸರು ಲಾಗ್ ಬುಕ್ಕಿನಲ್ಲಿ ಇತ್ತು, ಮನೆಯವರಿಗೆ ಗೊತ್ತಿರಲಿಲ್ಲ. ಬೇರೆ ಮನೆಯವರ ವಿಳಾಸವನ್ನು ಕಚೇರಿಯವರು ಕೊಡುವುದಿಲ್ಲ, ಕೊಡಲೂಬಾರದು. ಹಾಗಾಗಿ ತೆರೆದ ಲಕೋಟೆಯಲ್ಲಿ ಪತ್ರವಿಟ್ಟು, ತಲುಪಿಸಿ ಎಂದು ಕೇಳಿಕೊಂಡೆವು. ಪತ್ರದಲ್ಲಿ ಬೇರೆ ಯಾವ ಪ್ರಶ್ನೆಯೂ ಇರಲಿಲ್ಲ. ನಿಮ್ಮವರ ಹೆಸರು ನಮ್ಮ ಪುಸ್ತಕದಲ್ಲಿ ಬರಬಹುದೇ, ಬಂದರೆ ಹೇಗೆ ಬರೆಯಬೇಕು ಎಂದಷ್ಟೇ. ಐದು ತಿಂಗಳ ಮೇಲೆ ಉತ್ತರ ಬಂತು, ಜೊತೆಗೆ ಒಂದು ಫೋಟೊ: ಗೋವಾದಲ್ಲಿ ಮೂವರೂ ವಿಮಾನದ ಮಡಿಚಿದ ರೆಕ್ಕೆಯ ಕೆಳಗೆ ನಿಂತದ್ದು. ಅಕ್ಕನ ಟ್ರಂಕಿನಲ್ಲಿ ಆ ಫೋಟೊ ಇರಲಿಲ್ಲ. ಕೋರ್ಸ್‌ಮೇಟ್‌ಗಳನ್ನೂ ಹೀಗೇ ಹುಡುಕಬೇಕು, ಅವರಿಗೆ ವಯಸ್ಸಾಗುತ್ತಿದೆ, ತಡಮಾಡಬಾರದು.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ತಮ್ಮನ ಹೆಸರಿದೆಯೇ ಎಂದು ಅಕ್ಕ ಕೇಳಿದ್ದರು. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ಆ ಸ್ಮಾರಕದಲ್ಲಿ, ತ್ಯಾಗ ಚಕ್ರ ಎಂಬ ವೃತ್ತದ ಗ್ರಾನೈಟ್ ಗೋಡೆಗಳ ಮೇಲೆ ಇರುವುದು ಯುದ್ಧ ಮತ್ತು ಕಾರ್ಯಾಚರಣೆಗಳಲ್ಲಿ ಪ್ರಾಣ ಕೊಟ್ಟವರ ಹೆಸರು. ಇವರದು ಅಭ್ಯಾಸ ಹಾರಾಟ. ಹುಡುಕಿ, ಇಲ್ಲ ಎಂದು ಖಚಿತಪಡಿಸಿಕೊಂಡು, ಕಾರಣ ಸಮೇತ ಹೇಳಿದೆವು. ನೋಡೋಣ, ಸಿಗಬಹುದು ಎಂದು ತೇಲಿಸಿ ಹೇಳುವುದು ದಯೆಯಲ್ಲ. ಹೆಸರಿದ್ದವರ ಮನೆಯವರಿಗೆ ಮಾತ್ರ ಒಂದು ವಿಷಯ ಹೇಳಬೇಕು. ಅಲ್ಲಿ ಸಂಜೆ ಮನೆಯವರೇ ಪುಷ್ಪಗುಚ್ಛ ಇಡುವ ವ್ಯವಸ್ಥೆ ಇದೆ, ಮುಂಚಿತವಾಗಿ ಬರೆದು ಕೇಳಿಕೊಳ್ಳಬಹುದು.

ಕೊನೆಗೆ ಕಲ್ಲು. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಸತ್ತವನ ಹೆಸರಿನ ಜೊತೆ ಕಲ್ಲು ನಿಲ್ಲಿಸಿದವರ ಹೆಸರೂ ಎಷ್ಟೋ ಕಡೆ ಇರುತ್ತದೆ, ತಮ್ಮ ನಿಲ್ಲಿಸಿದ, ಮಗ ನಿಲ್ಲಿಸಿದ ಎಂದು. ಈಗಿನ ಸ್ಮಾರಕಗಳಲ್ಲಿ ಆ ಸಾಲು ಉದ್ಘಾಟಿಸಿದವರ ಪಾಲಾಗಿದೆ. ಇಲ್ಲಿ ಹಾಗಾಗುವುದು ಬೇಡ ಎಂದು, ಕೊನೆಯ ಸಾಲಿನಲ್ಲಿ ಅಪ್ಪ, ಅಮ್ಮ, ಅಕ್ಕನ ಹೆಸರನ್ನೇ ಇಟ್ಟೆವು.

ಅಳತೆ ಮೂರು ಅಡಿ ಎರಡು ಅಡಿ, ಕರಿಕಲ್ಲು. ಎರಡು ಮೀಟರ್ ದೂರದಿಂದ ಮಕ್ಕಳು ಓದಬೇಕಾದರೆ ಅಕ್ಷರ 30 ಮಿಲಿಮೀಟರ್ ಇರಬೇಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಕಡಿಮೆಯೆಂದರೂ ಅಷ್ಟೇ ಅಂತರ ಬಿಡಬೇಕು, ಇಲ್ಲವಾದರೆ 'ಲೆಫ್ಟಿನೆಂಟ್' ಪದದ ಒತ್ತು ಕೆಳಗಿನ ಸಾಲಿಗೆ ತಗಲುತ್ತದೆ. ಬರೀ ಮೇಲ್ಮೈ ಕೆರೆದು ಬಣ್ಣ ತುಂಬಿದ್ದು ಕರಾವಳಿಯ ನಾಲ್ಕು ಮಳೆಗಾಲಕ್ಕೆ ಮಂಕಾಗುತ್ತದೆ, ಮೂರು ಮಿಲಿಮೀಟರ್ ಆಳವಾದರೂ ಕೊರೆಸಬೇಕು. ಇನ್ನೊಂದು ಅಪಾಯ ಫಾಂಟಿನದು. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡಿಗೆ, ಅಲ್ಲಿಂದ ಕೊರೆಯುವ ಯಂತ್ರಕ್ಕೆ ದಾಟಿಸುವಾಗ ಒತ್ತು, ಅರ್ಕಾವತ್ತು ಕಳಚಿಕೊಳ್ಳುತ್ತವೆ. ಪಠ್ಯ ಕೊಡದೆ, ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿದ ಪಿಡಿಎಫ್ ಕೊಡಿ. ಕಾಗದದ ಮೇಲೆ ನಿಜ ಅಳತೆಯ ಪ್ರತಿ ತೆಗೆಸಿ, ಮನೆಯವರ ಸಹಿ ಹಾಕಿಸಿ, ಆಮೇಲೆ ಕಲ್ಲಿಗೆ ಕೈಹಾಕಿಸಿ. ಹುದ್ದೆಯ ವಿಷಯದಲ್ಲೂ ಎಚ್ಚರ ಬೇಕು. ನೌಕಾಪಡೆಯ ಲೆಫ್ಟಿನೆಂಟ್ ಭೂಸೇನೆಯ ಕ್ಯಾಪ್ಟನ್ನಿಗೆ ಸಮ ಎಂದು ಯಾರೋ 'ಕ್ಯಾಪ್ಟನ್' ಎಂದು ಬರೆಸಲು ಹೊರಟಿದ್ದರು. ನೌಕಾಪಡೆಯಲ್ಲಿ ಕ್ಯಾಪ್ಟನ್ ಎಂದರೆ ಬಹಳ ಮೇಲಿನ ಬೇರೆಯೇ ಹುದ್ದೆ.

ಪದಗಳ ಬಗ್ಗೆ ಎರಡು ಸಭೆ ನಡೆಯಿತು. ಶಾಲೆಯವರಿಗೆ 'ಹುತಾತ್ಮ' ಬೇಕಿತ್ತು. ಅಕ್ಕ ಒಪ್ಪಲಿಲ್ಲ. "ಅವ ಕೆಲಸಕ್ಕೆ ಹೋದವ. ಬಲಿ ಆಗ್ಲಿಕ್ಕೆ ಹೋದವ ಅಲ್ಲ" ಅಂದರು. ಮೇಷ್ಟ್ರು ಮತ್ತೆ ಏನೂ ಹೇಳಲಿಲ್ಲ. ಕಲ್ಲಿನ ಮೇಲೆ ಈಗ ಇರುವುದು: ಹೆಸರು, ಲೆಫ್ಟಿನೆಂಟ್, ಅಬ್ಸರ್ವರ್, ಭಾರತೀಯ ನೌಕಾಪಡೆ. ಈ ಶಾಲೆಯಲ್ಲಿ ಓದಿದ ವರ್ಷಗಳು. ರಾತ್ರಿ ಹಾರಾಟಕ್ಕೆ ಹೋದವರು ಇಬ್ಬರು ಜೊತೆಗಾರರೊಂದಿಗೆ ಸಮುದ್ರದಿಂದ ಹಿಂತಿರುಗಲಿಲ್ಲ. ಆ ಇಬ್ಬರ ಹೆಸರು. ಮನೆಯವರು ನಿಲ್ಲಿಸಿದ ಕಲ್ಲು.

ಟ್ರಂಕು ಮತ್ತೆ ಮಂಚದ ಕೆಳಗೇ ಇದೆ, ಈಗ ನಾಲ್ಕು ಮರದ ತುಂಡುಗಳ ಮೇಲೆ, ನೆಲದ ತೇವ ತಾಗದಂತೆ. ಒಳಗೆ ಅರ್ಧ ಕಿಲೊ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿದೆ. ಕಿತ್ತಳೆ ಬಣ್ಣ ಹಸಿರಾದರೆ ತೇವ ತುಂಬಿದೆ ಎಂದರ್ಥ. ಹೊರಗೆ ತೆಗೆದು ಬಾಣಲೆಯಲ್ಲಿ ಸಣ್ಣ ಉರಿಗೆ ಬಣ್ಣ ಮರಳುವವರೆಗೆ ಆಡಿಸಿ, ಆರಿದ ಮೇಲೆ ಮತ್ತೆ ಇಡಬೇಕು, ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮೊದಲು ಒಮ್ಮೆ, ತಿಥಿಯ ಮರುದಿನ ಒಮ್ಮೆ. ಆ ಕೆಲಸವನ್ನು ಅಕ್ಕನ ಮೊಮ್ಮಗಳು ವಹಿಸಿಕೊಂಡಿದ್ದಾಳೆ. ಹೋದ ಸಲ ತೆರೆದಾಗ ಲಾಗ್ ಬುಕ್ಕಿನಲ್ಲಿ ಎರಡು ಗೆರೆ ಎಳೆದ ಆ ಪುಟವನ್ನು ಅಜ್ಜಿಗೆ ಓದಿ ಹೇಳಿದಳಂತೆ.